ಅರ್ವೆಲಾಳ ತಗಡು

ಅರ್ವೆಲಾ ಸ್ಟ್ರೌಡ್ ಗಾಡಿಯನ್ನು ಬಹಳ ಕೆಟ್ಟದಾಗಿ ಓಡಿಸುತ್ತಿದ್ದಳು. ತಿರುವಿನಲ್ಲಿ ದೀಪ ಹಾಕುತ್ತಿರಲಿಲ್ಲ. ಮಾರ್ಬೆಲ್ ಊರಿಗಿದ್ದ ಒಂದೇ ಒಂದು ಸಿಗ್ನಲ್ಲನ್ನು ಬೇಕಾದರೆ ಪಾಲಿಸಬಹುದಾದ ಸಲಹೆ ಎಂದು ತಿಳಿದಿದ್ದಳು. ಸುಗ್ಗಿಯಲ್ಲಿ ಗೋಧಿ ಗೋದಾಮಿನ ಮುಂದೆ ಸಾಲುಗಟ್ಟಿ ನಿಂತ ಲಾರಿಗಳ ನಡುವೆ ಮೂಗು ತೂರಿಸಿ ದಾಟಿಬಿಡುತ್ತಿದ್ದಳು. ಆದರೂ ಶೆರಿಫನ ಕಡೆಯವರು ಯಾರೂ ಅವಳನ್ನು ತಡೆದು ನಿಲ್ಲಿಸಿದ್ದಿಲ್ಲ. ಅವಳ ಹಳೇ ಫೋರ್ಡ್ ಟ್ರಕ್ಕಿನ ಹಿಂದೆ ಜಡಿದಿದ್ದ ನಂಬರಿನ ತಗಡು ಅದಕ್ಕೆ ಕಾರಣ. ನಂಬರಿನ ಪಕ್ಕ ಮುಳ್ಳುತಂತಿಯ ಚಿತ್ರ, ಕೆಳಗೆ ‘ಮಾಜಿ ಯುದ್ಧಕೈದಿ’ ಎಂಬ ಅಕ್ಷರ. ಅದನ್ನು ಕಂಡರೆ ಪೊಲೀಸರು ಹ್ಯಾಟು ಮುಟ್ಟಿಕೊಂಡು ದಾರಿ ಬಿಡುತ್ತಿದ್ದರು.

ಯುದ್ಧಕೈದಿಯಾಗಿದ್ದವಳು ಅವಳಲ್ಲ, ಅವಳ ಗಂಡ ಡೆಲ್ಬರ್ಟ್. ನಾನು ಹೇಳುತ್ತಿರುವ ತೊಂಬತ್ತಾರನೇ ಇಸವಿಯ ಹೊತ್ತಿಗೆ ಅವನು ಸತ್ತು ಆರು ವರ್ಷವಾಗಿತ್ತು.

ನಮ್ಮ ರಾಜ್ಯದಲ್ಲಿ ತಗಡಿಗೂ ಜಾತಿ ಉಂಟು. ಶಾಸಕನಿಗೆ ಒಂದು ಬಗೆ, ಅದರಲ್ಲಿ ಅವನ ಕುರ್ಚಿಯ ನಂಬರು. ಯುದ್ಧದಲ್ಲಿ ಗಾಯಗೊಂಡವನಿಗೆ ಒಂದು, ಪದಕ ಪಡೆದವನಿಗೆ ಒಂದು, ಸೆರೆ ಸಿಕ್ಕಿದವನಿಗೆ ಒಂದು. ಬೆಂಕಿ ಆರಿಸುವವರಿಗೂ ಒಂದಿದೆ. ಉಳಿದ ನಮಗೆಲ್ಲ ಗೋಧಿ ತೆನೆಯ ಚಿತ್ರವಿರುವ ಸಾದಾ ತಗಡು. ಯುದ್ಧ ಬೇಡ ಎಂದು ಬೀದಿಯಲ್ಲಿ ಲಾಠಿ ತಿಂದವರಿಗೆ ಇನ್ನೂ ಯಾವುದೂ ಬಂದಿಲ್ಲ; ಬಂದರೂ ನಾನು ಹಾಕಿಕೊಳ್ಳುವವಳಲ್ಲ.

ಸೆರೆ ಸಿಕ್ಕಿದವನ ತಗಡಿಗೆ ಒಂದು ವಿಶೇಷವಿತ್ತು. ಅವನು ಸತ್ತ ಮೇಲೆ ಅದು ಹೆಂಡತಿಗೆ ಉಳಿಯುತ್ತಿತ್ತು. ಎಲ್ಲಿಯವರೆಗೆ ಎಂದರೆ, ಅವಳು ಇನ್ನೊಂದು ಮದುವೆಯಾಗುವವರೆಗೆ. ಮದುವೆಯಾದ ದಿನ ಅವಳು ಅದನ್ನು ಕೌಂಟಿ ಖಜಾನೆಯ ಕಚೇರಿಗೆ ತಂದು ಒಪ್ಪಿಸಬೇಕು. ಆ ಸಾಲನ್ನು ಕಾನೂನಿನೊಳಕ್ಕೆ ಸೇರಿಸಿದವನು ನಮ್ಮೂರಿನವನೇ ಆದ ಶಾಸಕ ಲೈಲ್ ಬ್ರಾಕೆಟ್. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಅರ್ವೆಲಾ ರೈಲು ಹಳಿಯ ಕೂಲಿಯವನ ಮಗಳು. ಎಂಟನೇ ತರಗತಿ ಮುಗಿಸಿ ಮೊಟ್ಟೆ ಕೇಂದ್ರಕ್ಕೆ ಸೇರಿದಳು. ಕತ್ತಲೆ ಕೋಣೆಯಲ್ಲಿ ಕೂತು ಒಂದೊಂದೇ ಮೊಟ್ಟೆಯನ್ನು ಬೆಳಕಿಗೆ ಹಿಡಿದು ಒಳಗೆ ರಕ್ತದ ಚುಕ್ಕೆ ಇದೆಯೇ ಎಂದು ನೋಡುವ ಕೆಲಸ. ಕೊರಿಯಾ ಯುದ್ಧದ ಸೆರೆಯಿಂದ ಬಿಡುಗಡೆಯಾಗಿ ಬಂದ ಡೆಲ್ಬರ್ಟ್ ಅಲ್ಲಿಗೆ ಮೊಟ್ಟೆ ತರುತ್ತಿದ್ದ. ಎತ್ತರದ ಆಳು, ಮಾತು ಕಡಿಮೆ. ಎಲ್ಲರೂ ಅವನನ್ನು ಹೀರೋ ಎನ್ನುತ್ತಿದ್ದರು. ಮದುವೆಯಾದ ಮೊದಲ ಚಳಿಗಾಲದಲ್ಲೇ ಅವಳಿಗೆ ಸಂಗತಿ ತಿಳಿಯಿತು. ಹಿಮ ಬೀಳುತ್ತಿದ್ದರೂ ಮಲಗುವ ಕೋಣೆಯ ಕಿಟಕಿ ತೆರೆದೇ ಇರಬೇಕು, ಬಾಗಿಲು ಹಾಕುವಂತಿಲ್ಲ. ಸುತ್ತಲಿನವರೆಲ್ಲ ಜೋಳ ಬೆಳೆದರೂ ಅವನು ಒಂದು ಕಾಳನ್ನೂ ಬಿತ್ತುತ್ತಿರಲಿಲ್ಲ. ಸೆರೆ ಕ್ಯಾಂಪಿನಲ್ಲಿ ಎರಡು ವರ್ಷ ಅವನಿಗೆ ಹಾಕಿದ್ದು ಜೋಳದ ಗಂಜಿ. ಗೋಧಿ ಮುಗ್ಗರಿಸಿದ ವರ್ಷಗಳಲ್ಲಿ ಇದರಿಂದ ಮನೆ ಒಣಗಿದ್ದೂ ಉಂಟು.

ಇನ್ನೊಂದು ವಿಚಿತ್ರವೆಂದರೆ, ಡೆಲ್ಬರ್ಟ್ ಎಲ್ಲಿಯೂ ಸಹಿ ಹಾಕುತ್ತಿರಲಿಲ್ಲ. ಬ್ಯಾಂಕಿಗೂ ಇಲ್ಲ, ಮಕ್ಕಳ ಶಾಲೆಯ ಕಾರ್ಡಿಗೂ ಇಲ್ಲ. ಅವನ ಹೆಸರನ್ನು ಅವನ ಕೈಬರಹದಂತೆಯೇ ಬರೆಯುವುದನ್ನು ಅರ್ವೆಲಾ ಕಲಿತುಕೊಂಡಳು. ಬ್ಯಾಂಕಿನವರಿಗೆ ಗೊತ್ತಿತ್ತು, ಸುಮ್ಮನಿದ್ದರು. ಊರಿಗೆಲ್ಲ ಕಾರಣವೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಕ್ಯಾಂಪಿನಲ್ಲಿ ಒಂದು ಹೇಳಿಕೆಗೆ ಅವನಿಂದ ಸಹಿ ಹಾಕಿಸಿಕೊಂಡಿದ್ದರು. ನಮ್ಮ ಸೈನ್ಯ ಇಂಥಿಂಥ ಪಾಪ ಮಾಡಿತು, ನಾನೇ ಕಣ್ಣಾರೆ ಕಂಡೆ ಎಂದು ಅದರಲ್ಲಿ ಬರೆದಿತ್ತು. ಅವನು ಕಂಡಿರಲಿಲ್ಲ. ಸಹಿ ಹಾಕಿದ್ದಕ್ಕೆ ಒಲೆಯ ಪಕ್ಕ ಮಲಗಲು ಜಾಗ ಸಿಕ್ಕಿತ್ತು. ವಾಪಸು ಬರುವ ಹಡಗಿನಲ್ಲಿ ನಮ್ಮ ಕಡೆಯ ಅಧಿಕಾರಿಗಳು ದಿನಗಟ್ಟಲೆ ಕೂರಿಸಿಕೊಂಡು ಅದನ್ನೇ ಕೆದಕಿ ಕೇಳಿದರು. ಕೊನೆಗೆ ಕೇಸು ಹಾಕದೆ ಬಿಟ್ಟರು. ಬಿಟ್ಟದ್ದು ಅವರು, ಅವನು ತನ್ನನ್ನು ತಾನು ಬಿಡಲಿಲ್ಲ.

ಬೆಳೆಗೆ ಬೆಲೆ ಸಿಗದೆ ರೈತರೆಲ್ಲ ಟ್ರ್ಯಾಕ್ಟರ್ ಏರಿಕೊಂಡು ದೇಶದ ರಾಜಧಾನಿಗೆ ಹೋದೆವಲ್ಲ, ಆ ಚಳಿಗಾಲದಲ್ಲಿ ನನಗೆ ಅರ್ವೆಲಾಳ ಸ್ನೇಹವಾಯಿತು. ಸ್ಟ್ರೌಡ್ ಮನೆಯ ಟ್ರ್ಯಾಕ್ಟರನ್ನು ಅಷ್ಟು ದೂರ ಓಡಿಸಿಕೊಂಡು ಬಂದವಳು ಅವಳೇ. ಅಲ್ಲಿ ಪೊಲೀಸರು ಸುತ್ತಲೂ ಬಸ್ಸುಗಳನ್ನು ಅಡ್ಡ ನಿಲ್ಲಿಸಿ, ನಮ್ಮನ್ನೆಲ್ಲ ದೊಡ್ಡಿಗೆ ಹಾಕಿದ ದನಗಳಂತೆ ಮೈದಾನದಲ್ಲಿ ಕೂಡಿಹಾಕಿದರು. ಎಲ್ಲರೂ ಬಾಯಿಗೆ ಬಂದಂತೆ ಬೈಯುತ್ತಿದ್ದರೆ ಅವಳು ಟ್ರ್ಯಾಕ್ಟರಿನ ಮೇಲೆ ಕೂತು ಬ್ರೆಡ್ಡು ಕಡಿಯುತ್ತ, “ಸದ್ಯ, ನಮ್ಮೋನು ಬರ್ಲಿಲ್ಲ ಕಣೇ” ಎಂದಳು. ಅಷ್ಟೇ. ಆಮೇಲೆ ನನಗೂ ಒಂದು ತುಂಡು ಕೊಟ್ಟಳು.

ಯುದ್ಧಕೈದಿಗಳ ತಗಡಿನ ಕಾನೂನು ಬಂದದ್ದು ಅದಾದ ಕೆಲವು ವರ್ಷಗಳಿಗೆ. ಅರ್ಜಿ ಹಾಕಿದವಳು ಅವಳು. ಡೆಲ್ಬರ್ಟನ ಸಹಿ ಹಾಕಿದವಳೂ ಅವಳೇ. ತಗಡು ಮನೆಗೆ ಬಂದಾಗ ಅವನು ಅದನ್ನು ಅಡುಗೆಮನೆಯ ಮೇಜಿನ ಮೇಲೆ ಅತ್ತಿತ್ತ ತಿರುಗಿಸಿ ನೋಡಿದನಂತೆ.

“ಇದಕ್ಕೂ ನೀನೇ ಸಹಿ ಹಾಕ್ದಾ?”

“ಹೂಂ.”

“ಹಂಗಾದ್ರೆ ನೀನೇ ಜಡ್ಕೋ.”

ಅವಳೇ ಜಡಿದಳು.

ಅವಳ ಮಕ್ಕಳಿಬ್ಬರೂ ದೂರದ ಊರುಗಳಲ್ಲಿ ನೆಲೆಸಿದ್ದರು, ಚೆನ್ನಾಗಿದ್ದರು. ಡೆಲ್ಬರ್ಟ್ ಸತ್ತಾಗ ಬಂದು ಹೋದರು. ಆಗ ಎಲ್ಲರಿಗಿಂತ ಮೊದಲು ಊಟದ ತಟ್ಟೆ ಹಿಡಿದು ಬಂದವನು ರಸ್ತೆಯಾಚೆ ಮನೆಯ ಆರ್ಲೊ ಪೆನ್ನರ್. ಗಿಣ್ಣಿನ ಹೂರಣ ತುಂಬಿದ ಕಡುಬು, ಮೇಲೆ ಹಂದಿಮಾಂಸದ ಗೊಜ್ಜು. ಅವನ ಹೆಂಡತಿ ಸತ್ತು ಬಹಳ ಕಾಲವಾಗಿತ್ತು. ಅಡುಗೆ ಅವನೇ ಮಾಡಿಕೊಳ್ಳುತ್ತಿದ್ದ. ಶಾಲೆಯ ಬಸ್ಸು ಓಡಿಸುತ್ತಿದ್ದ.

ಆರ್ಲೊ ಮೆನೊನೈಟರು ಎಂಬ ಕ್ರೈಸ್ತ ಪಂಥದವನು. ಅವರು ಬಂದೂಕು ಮುಟ್ಟುವುದಿಲ್ಲ, ಕೋರ್ಟಿನಲ್ಲಿ ಆಣೆ ಮಾಡುವುದಿಲ್ಲ, ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಡೆಲ್ಬರ್ಟ್ ಕೊರಿಯಾಕ್ಕೆ ಹೋದ ವರ್ಷವೇ ಆರ್ಲೊಗೂ ಸೈನ್ಯದ ಕರೆ ಬಂದಿತ್ತು. ಒಲ್ಲೆ ಎಂದ. ಸರ್ಕಾರ ಅವನನ್ನು ಯುದ್ಧದ ಬದಲು ಹುಚ್ಚಾಸ್ಪತ್ರೆಯ ಚಾಕರಿಗೆ ಕಳಿಸಿತು. ಎರಡು ವರ್ಷ ರೋಗಿಗಳ ಕುಂಡೆ ತೊಳೆದ. ಆಗ ಊರಿನ ಯಾರೋ ಪುಣ್ಯಾತ್ಮರು ಅವನಪ್ಪನ ಕೊಟ್ಟಿಗೆಗೆ ಹಳದಿ ಬಣ್ಣ ಎರಚಿದ್ದರು, ಹೇಡಿ ಎನ್ನುವುದಕ್ಕೆ. ಅಪ್ಪ ಅದನ್ನು ಒರೆಸದೆ ಇಡೀ ಕೊಟ್ಟಿಗೆಗೆ ಹಳದಿ ಬಳಿದುಬಿಟ್ಟ. ಇವತ್ತಿಗೂ ಹಳದಿಯೇ ಇದೆ.

ಮೊದಲು ಅವಳ ಬಾವಿಯ ಪಂಪು ಸರಿಮಾಡಲು ಬಂದ. ಆಮೇಲೆ ಪಂಪು ಸರಿಯಿದ್ದಾಗಲೂ ಬಂದ. ಮೂರು ವರ್ಷ ಕಳೆಯುವಷ್ಟರಲ್ಲಿ ಅವಳ ಟ್ರಕ್ಕಿನಲ್ಲಿ ಪಕ್ಕದ ಸೀಟು ಅವನದೇ ಆಯಿತು. ಗೋದಾಮಿನ ಕಟ್ಟೆಯ ಮೇಲೆ ಕೂತ ಮುದುಕರು ಬಿಡುತ್ತಿರಲಿಲ್ಲ.

“ಯುದ್ಧಕ್ಕೆ ಹೋಗ್ದೇನೇ ಕೈದಿ ಆಗ್ಬಿಟ್ಯಲ್ಲೋ ಆರ್ಲೊ!”

“ಊಟ ಚೆನ್ನಾಗಿ ಹಾಕ್ತಾರೆ ಕಣಯ್ಯ ಇಲ್ಲಿ,” ಎನ್ನುತ್ತಿದ್ದ ಆರ್ಲೊ.

ಅವನು ಮದುವೆಯ ಮಾತೆತ್ತಿದ್ದು ನನ್ನ ಎದುರಿಗೇ. ಅರ್ವೆಲಾಳ ಅಡುಗೆಮನೆಯಲ್ಲಿ ಮೂವರೂ ಕೂತು ಬಟಾಣಿ ಸುಲಿಯುತ್ತಿದ್ದೆವು.

“ನಾವಿಬ್ರೂ ಮದ್ವೆ ಆಗ್ಬೇಕು ಕಣಮ್ಮ. ಚರ್ಚಿನ ಸಭೇಲಿ ಎಲ್ರೂ ನನ್ನ ನೋಡೋ ರೀತಿ ಸರಿಯಿಲ್ಲ.”

“ಆಗಕ್ಕಾಗಲ್ಲ. ತಗಡು ಹೋಗತ್ತೆ.”

ಆರ್ಲೊ ನಕ್ಕ. ಅವಳು ನಗಲಿಲ್ಲ. ಅವನ ಕೈ ಬಟಾಣಿಯ ಮೇಲೆ ನಿಂತಿತು.

“ಒಂದು ನಂಬರ್ ಪ್ಲೇಟಿಗಾ?”

“ಅಲ್ಲ ಕಣೇ,” ಎಂದು ನಾನು ಮಧ್ಯೆ ಬಾಯಿ ಹಾಕಿದೆ. “ಯಾರೋ ಮಾಡಿದ ಯುದ್ಧ, ಯಾರೋ ಕೊಟ್ಟ ತಗಡು. ಅದನ್ನ ಹಿಡ್ಕೊಂಡು ಏನ್ಮಾಡ್ತೀಯಾ? ನೆಕ್ತೀಯಾ?”

“ನಿನ್ ಭಾಷಣ ಬೀದೀಲಿ ಇಟ್ಕೊ,” ಎಂದಳು. ಆಮೇಲೆ ಸಿಪ್ಪೆಯನ್ನು ಬಕೆಟ್ಟಿಗೆ ಎಸೆದು ಹೇಳಿದಳು: “ಆ ಕ್ಯಾಂಪಲ್ಲಿ ಡೆಲ್ಬರ್ಟ್ ಇದ್ದಿದ್ದು ಎರಡು ವರ್ಷ. ನಾನಿದ್ದಿದ್ದು ಮೂವತ್ತೈದು. ಕಿಟಕಿ ತೆಗ್ದು ಮಲಗಿ ನನ್ ಕಿವಿ ಹಾಳಾಯ್ತು. ಅವನು ನಿದ್ದೇಲಿ ಕಿರುಚ್ಕೊಂಡ್ರೆ ಎದ್ದು ಕೂರ್ತಿದ್ದಿದ್ದು ನಾನು. ಇಷ್ಟಕ್ಕೆಲ್ಲ ಯಾರಾದ್ರೂ ನಂಗೆ ಏನಾದ್ರೂ ಕೊಟ್ರಾ? ಅದೊಂದು ತಗಡು ಕೊಟ್ರು. ಅವನ ಹೆಸರಲ್ಲಿ ಕೊಟ್ರು, ಸರಿ. ಆದ್ರೆ ಅದು ನಂದು. ಯಾವನನ್ನೋ ಕಟ್ಕೊಂಡ್ಳು ಅಂತ ಕಿತ್ಕೊಳೋಕೆ ಇವರ್ಯಾರು?”

“ಯಾವನನ್ನೋ,” ಎಂದ ಆರ್ಲೊ.

“ನಿನ್ನನ್ನ ಅಲ್ಲ. ಮಾತಿಗೆ ಹೇಳ್ದೆ.”

ನಾನು ಮತ್ತೆ ಬಟಾಣಿ ಸುಲಿಯತೊಡಗಿದೆ. ಆರ್ಲೊ ಮಾತ್ರ ಬಿಡುವ ಪೈಕಿಯಲ್ಲ. ಎರಡು ವಾರ ಯೋಚನೆ ಮಾಡಿ ಒಂದು ಉಪಾಯ ಹುಡುಕಿಕೊಂಡು ಬಂದ. ಕೋರ್ಟಿನಿಂದ ಲೈಸೆನ್ಸ್ ತೆಗೆಸಿದರೆ ತಾನೇ ಸರ್ಕಾರಕ್ಕೆ ಮದುವೆ? ಲೈಸೆನ್ಸ್ ಬೇಡ. ಸಭೆಯ ಪಾದ್ರಿ ಆಶೀರ್ವಾದ ಮಾಡಿದರೆ ದೇವರಿಗೆ ಗೊತ್ತಾಗುತ್ತದೆ, ಸಭೆಗೆ ಗೊತ್ತಾಗುತ್ತದೆ, ಸರ್ಕಾರಕ್ಕೆ ಗೊತ್ತಾಗಬೇಕಾಗಿಲ್ಲ. ನಮ್ಮ ಕಡೆ ಪಿಂಚಣಿ ಉಳಿಸಿಕೊಳ್ಳಲು ಎಷ್ಟೋ ಮುದುಕ ಮುದುಕಿಯರು ಹೀಗೆ ಮಾಡಿಕೊಂಡಿದ್ದಾರೆ. ಪಾದ್ರಿ ಸ್ವಲ್ಪ ತಲೆ ಕೆರೆದುಕೊಂಡ. ಆದರೆ ಮೆನೊನೈಟರಿಗೆ ಸರ್ಕಾರದ ಮುದ್ರೆಯ ಮೇಲೆ ಎಂದೂ ಅಂಥ ಭಕ್ತಿ ಇದ್ದದ್ದಿಲ್ಲ. ಒಪ್ಪಿಕೊಂಡ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಇಬ್ಬರನ್ನೂ ಮುಂದೆ ನಿಲ್ಲಿಸಿ ಪ್ರಾರ್ಥನೆ ಮಾಡಿದರು. ಅರ್ವೆಲಾ ನೀಲಿ ಕೋಟು ಹಾಕಿದ್ದಳು, ಅದರ ಒಂದು ಗುಂಡಿ ಬೇರೆ ಬಣ್ಣದ್ದು. ಎಲ್ಲವೂ ಸಲೀಸಾಗಿ ಮುಗಿಯಿತು. ಕೆಟ್ಟದ್ದು ಆಮೇಲೆ, ನೆಲಮಾಳಿಗೆಯ ಊಟದಲ್ಲಿ. ಉದ್ದದ ಮೇಜುಗಳು, ಇಡೀ ಸಭೆ ಕೂತಿತ್ತು. ಕಾಫಿ ತಂದವಳು ಆರ್ಲೊನ ಬಟ್ಟಲಿಗೆ ಸಕ್ಕರೆ ಹಾಕಲು ಹೋದಳು. ಈ ತುದಿಯಿಂದ ಅರ್ವೆಲಾ, ಕಿವಿ ಮಂದವಾದವರು ಮಾತಾಡುವಂತೆ, ಗಂಟಲು ಹರಿಯುವ ಹಾಗೆ ಕೂಗಿದಳು:

“ಸಕ್ಕರೆ ಹಾಕ್ಬೇಡಮ್ಮಾ! ನನ್ ಗಂಡಂಗೆ ಸಕ್ಕರೆ ಕಾಯಿಲೆ!”

ಎಲ್ಲರೂ ಅವಳತ್ತ ತಿರುಗಿ ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಆರ್ಲೊನ ಮುಖ ಬೀಟ್ರೂಟಿನ ಹಾಗಾಯಿತು. ಎದ್ದು ನಿಂತು, “ನನ್ ಹೆಂಡ್ತಿ ಹೇಳಿದ್ದು ನಿಜ,” ಎಂದ. ಮತ್ತೆ ಚಪ್ಪಾಳೆ. ಚಪ್ಪಾಳೆ ತಟ್ಟಿದವರಲ್ಲಿ ಟ್ವೈಲಾ ರೆಗಿಯರ್ ಎಂಬಾಕೆಯೂ ಇದ್ದಳು. ಅವಳು ಕೌಂಟಿ ಖಜಾನೆಯ ಕಚೇರಿಯಲ್ಲಿ ಗಾಡಿಗಳ ತಗಡಿನ ಕಿಟಕಿಯ ಗುಮಾಸ್ತೆ.

ಆರ್ಲೊ ತನ್ನ ಬಟ್ಟೆಬರೆ ತಂದು ಅರ್ವೆಲಾಳ ಮನೆಯಲ್ಲಿಟ್ಟ.

ನಮ್ಮಲ್ಲಿ ತಗಡನ್ನು ಪ್ರತಿ ವರ್ಷ ನವೀಕರಿಸಬೇಕು. ಹೆಸರಿನ ಮೊದಲ ಅಕ್ಷರಕ್ಕೆ ಒಂದೊಂದು ತಿಂಗಳು. ಸ್ಟ್ರೌಡರ ತಿಂಗಳು ಬಂದಾಗ ಅರ್ವೆಲಾ ಎಂದಿನಂತೆ ಹೋದಳು. ವಿಧವೆಯ ತಗಡಾದರೆ ‘ಮರುಮದುವೆಯಾಗಿದೆಯೇ?’ ಎಂದು ಕೇಳಬೇಕು. ಟ್ವೈಲಾ ಐದು ವರ್ಷ ಅದನ್ನು ಕೇಳದೆಯೇ ‘ಇಲ್ಲ’ ಎಂದು ಗೀಟು ಹಾಕಿದ್ದಳು. ಈ ಸಲ ಅವಳ ಪೆನ್ನು ಅಲ್ಲೇ ನಿಂತಿತು. ನಾಳೆ ಬನ್ನಿ ಎಂದು ಕಳಿಸಿ, ಕೌಂಟಿಯ ವಕೀಲನನ್ನು ಕೇಳಿದಳು.

ಆ ಸಂಜೆ ಅವಳು ಫೋನಿನಲ್ಲಿ ತಿಳಿಸಿದಂತೆ, ವಕೀಲ ಹೇಳಿದ್ದು ಇಷ್ಟು. ನಮ್ಮ ರಾಜ್ಯದಲ್ಲಿ ಮದುವೆಗೆ ಲೈಸೆನ್ಸೇ ಬೇಕೆಂದಿಲ್ಲ. ಗಂಡು ಹೆಣ್ಣು ಇಬ್ಬರಿಗೂ ಬೇರೆ ಸಂಗಾತಿ ಇರಕೂಡದು, ಇಬ್ಬರಿಗೂ ಮನಸ್ಸಿರಬೇಕು, ನಾಲ್ಕು ಜನರ ಮುಂದೆ ಗಂಡ ಹೆಂಡತಿ ಎಂದು ಹೇಳಿಕೊಂಡಿರಬೇಕು. ಅಷ್ಟಾದರೆ ಕಾನೂನಿನ ಪ್ರಕಾರ ಮದುವೆ ಆದಂತೆಯೇ. ಕುದುರೆ ಗಾಡಿಯ ಕಾಲದಲ್ಲಿ, ಪಾದ್ರಿಯೂ ಕೋರ್ಟೂ ದೂರವಿದ್ದಾಗ ಬಂದ ಪದ್ಧತಿ, ಯಾರೂ ತೆಗೆದುಹಾಕಿರಲಿಲ್ಲ. ಆರ್ಲೊನ ಉಪಾಯವೆಲ್ಲ ಒಂದು ಚಮಚ ಸಕ್ಕರೆಯಲ್ಲಿ ಕರಗಿಹೋಗಿತ್ತು.

ಆದರೂ ವಕೀಲ ಒಂದು ದಾರಿ ಬಿಟ್ಟಿದ್ದ. ‘ನಾನು ಮದುವೆಯಾಗಿಲ್ಲ, ಯಾರನ್ನೂ ನನ್ನ ಗಂಡನೆಂದು ಒಪ್ಪಿಲ್ಲ’ ಎಂದು ಅರ್ವೆಲಾ ಕೈಯೆತ್ತಿ ಪ್ರಮಾಣ ಮಾಡಿ ಸಹಿ ಹಾಕಿಕೊಟ್ಟರೆ, ಕಚೇರಿ ಅದನ್ನು ನಂಬುತ್ತದೆ. ನೆಲಮಾಳಿಗೆಯ ಊಟದ ಸುದ್ದಿ ಹಿಡಿದು ಯಾರೂ ತನಿಖೆಗೆ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಟ್ರಕ್ಕಿನಲ್ಲಿ ಹೊರಟೆವು. ನನ್ನದೂ ಅದೇ ತಿಂಗಳು, ಗೋಧಿ ತೆನೆಯ ತಗಡು ನವೀಕರಿಸುವುದಿತ್ತು. ಆರ್ಲೊ ನಡುವೆ ಕೂತು ಮೊಣಕಾಲು ಮಡಚಿಕೊಂಡಿದ್ದ. ಅರ್ವೆಲಾ ಎದುರಿನ ಒಂದು ಟ್ರ್ಯಾಕ್ಟರನ್ನು ಹುಲ್ಲಿನ ಮೇಲೆ ಇಳಿಸಿಯೇ ದಾಟಿದಳು.

“ಸಹಿ ಹಾಕ್ತೀನಿ,” ಎಂದಳು ಆಮೇಲೆ. “ಸುಳ್ಳು ಸಹಿ ನನಗೇನು ಹೊಸದಾ? ಜೀವಮಾನ ಎಲ್ಲಾ ಅದೇ ಮಾಡಿದೀನಿ.”

“ನಿನ್ ಬಾಯಿ ನಿಂದು,” ಎಂದ ಆರ್ಲೊ. “ನನ್ನ ಯಾರಾದ್ರೂ ಕೇಳಿದ್ರೆ ಮಾತ್ರ ಹೆಂಡ್ತಿ ಅಂತೀನಿ. ನನಗೆ ಬೇರೆ ಹೇಳಕ್ಕೆ ಬರಲ್ಲ.”

“ನಿನ್ನ ಯಾರೂ ಕೇಳಲ್ಲ.”

“ಇನ್ನೊಂದು ಮಾತು. ನೀನು ಅಲ್ಲ ಅಂತ ಬರ್ದು ಕೊಟ್ಮೇಲೆ, ಅಲ್ಲ ಅನ್ನೋ ಹಾಗೇ ಇರ್ಬೇಕಾಗತ್ತೆ. ನಾನು ರಸ್ತೆ ದಾಟಿ ನಮ್ಮನೇಗೆ ಹೋಗ್ತೀನಿ.”

ಅರ್ವೆಲಾ ಬ್ರೇಕ್ ತುಳಿದಳು. ನಾನು ಮುಂದಿನ ಗಾಜಿಗೆ ಹಣೆ ಬಡಿದುಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು.

“ಹೆದರಿಸ್ತೀಯೇನೋ?”

“ಹೆದರಿಸೋದೇನು ಬಂತು? ಊಟಕ್ಕೆ ಬರ್ತೀನಿ. ಪಂಪು ಕೆಟ್ರೆ ಬರ್ತೀನಿ. ರಾತ್ರಿ ಅಲ್ಲಿರ್ತೀನಿ, ಅಷ್ಟೇ.” ನಾಳೆ ಗಾಳಿ ಜೋರಾಗಬಹುದು ಎನ್ನುವ ಧಾಟಿಯಲ್ಲೇ ಹೇಳಿದ. ಅವನಿಗೆ ಕೋಪವೂ ಬಂದಂತಿರಲಿಲ್ಲ.

“ಹೋಗು. ಹಾಳಾಗಿ ಹೋಗು,” ಎಂದು ಅರ್ವೆಲಾ ಮತ್ತೆ ಗಾಡಿ ಬಿಟ್ಟಳು.

ಆರ್ಲೊ ಟ್ರಕ್ಕಿನಲ್ಲೇ ಉಳಿದ. ಖಜಾನೆಯ ಕಚೇರಿ ಇದ್ದದ್ದು ಕೋರ್ಟಿನ ಕಟ್ಟಡದಲ್ಲೇ, ನಾವಿಬ್ಬರೂ ಅದರ ಮೆಟ್ಟಿಲು ಹತ್ತಿದೆವು. ಪಡಸಾಲೆಯಲ್ಲಿ ಲೈಲ್ ಬ್ರಾಕೆಟ್ ಸಿಕ್ಕಿದ. ಅವನು ಚುನಾವಣೆ ಸೋತು ಎರಡು ವರ್ಷವಾಗಿದ್ದರೂ ಕೋರ್ಟಿನ ಪಡಸಾಲೆಯಲ್ಲಿ ನಿಂತು ಬಂದವರ ಕೈಕುಲುಕುವ ಚಟ ಬಿಟ್ಟಿರಲಿಲ್ಲ. ಸಣ್ಣ ಊರು, ಅವನಿಗೆ ವಿಷಯ ಆಗಲೇ ಮುಟ್ಟಿತ್ತು.

“ಏನ್ ಅರ್ವೆಲಾ, ಟ್ವೈಲಾ ಏನೋ ಕೊಕ್ಕೆ ಹಾಕಿದ್ಳಂತೆ? ಸಹಿ ಹಾಕಿ ತಗೊಂಡ್ ಹೋಗಮ್ಮ. ಅದೊಂದು ಮಾತು ನಾವು ಹಾಗೇ ಸೇರ್ಸಿದ್ದು. ಯಾರು ಓದ್ತಾರೆ ಅದನ್ನ?”

“ಹಾಗೇ ಸೇರ್ಸಿದ್ದಾ? ಯಾಕೆ?”

“ಅಲ್ಲಮ್ಮ, ಇನ್ನೊಬ್ಬನ್ನ ಮದ್ವೆ ಆದ್ಮೇಲೆ ಅವಳು ಆ ಸೈನಿಕನ ಹೆಂಡ್ತಿ ಹೆಂಗಾಗ್ತಾಳೆ? ಗೌರವ ಅಂತ ಒಂದಿರ್ಬೇಕಲ್ಲ.”

“ನೀನು ಸೋತು ಎಷ್ಟು ದಿನ ಆಯ್ತೋ ಲೈಲ್? ನಿನ್ ಗಾಡೀಲಿ ಶಾಸಕನ ತಗಡು ಇನ್ನೂ ನೇತಾಡ್ತಿದೆಯಲ್ಲ?”

“ಅದಾ? ಸ್ಕ್ರೂ ತುಕ್ಕು ಹಿಡ್ದಿದೆ, ಬಿಚ್ಚಕ್ಕೆ ಬರ್ತಾನೇ ಇಲ್ಲ ಕಣಮ್ಮ,” ಎಂದು ನಕ್ಕ. ಸೋತವನು ತಿಂಗಳೊಳಗೆ ಅದನ್ನು ಒಪ್ಪಿಸಬೇಕು ಎಂಬುದೂ ಕಾನೂನೇ. ಅವನನ್ನು ಯಾರೂ ಕಿಟಕಿಯ ಮುಂದೆ ನಿಲ್ಲಿಸಿ ಕೈಯೆತ್ತು ಎಂದಿರಲಿಲ್ಲ.

ಕಿಟಕಿಯಲ್ಲಿ ಟ್ವೈಲಾ ಕಾದಿದ್ದಳು. ಸಭೆಯಲ್ಲಿ ಅವಳು ಇವಳನ್ನು ಅರ್ವೆಲಾ ಎಂದೇ ಕರೆಯುತ್ತಿದ್ದದ್ದು. ಇಲ್ಲಿ ಮಾತು ಬೇರೆಯಾಯಿತು.

“ಬನ್ನಿ ಮಿಸೆಸ್ ಸ್ಟ್ರೌಡ್. ಎಲ್ಲಾ ರೆಡಿ ಇದೆ. ಒಂದ್ನಿಮಿಷದ ಕೆಲಸ.” ಆಮೇಲೆ ಗಾಜಿನ ತೂತಿಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದಳು: “ನಾನವತ್ತು ಸರಿಯಾಗಿ ಕೇಳಿಸ್ಕೊಂಡಿಲ್ಲ ಅಂತಾನೇ ಇಟ್ಕೊಳ್ಳಿ. ಅಲ್ಲಿ ಗಲಾಟೆ ಇತ್ತು.”

“ಗಲಾಟೆ ಎಲ್ಲಿತ್ತೇ? ನಾನೊಬ್ಳೇ ಕಿರುಚಿದ್ದು.”

“ಅಯ್ಯೋ ಅರ್ವೆಲಾ, ಸುಮ್ನೆ ಬನ್ನಿ. ಬಲಗೈ ಎತ್ತಿ.”

ಎತ್ತಿದಳು. ಆ ಕೈಯ ಕಿರುಬೆರಳು ಸೊಟ್ಟಗಿತ್ತು, ಟ್ರ್ಯಾಕ್ಟರಿನ ಬಾನೆಟ್ಟಿಗೆ ಸಿಕ್ಕಿ ಮುರಿದದ್ದು. ಹಿಂದೆ ಸಾಲಿನಲ್ಲಿ ಇನ್ನೂ ನಾಲ್ಕೈದು ಜನ ನಿಂತಿದ್ದರು. ಟ್ವೈಲಾ ವಕೀಲ ಬರೆದುಕೊಟ್ಟ ಹಾಳೆ ನೋಡಿಕೊಂಡು ಕೆಮ್ಮಿದಳು.

“ಆರ್ಲೊ ಪೆನ್ನರ್ ಅನ್ನೋರು ನಿಮ್ಮನೇಲಿ ಇದ್ದಾರಾ?”

“ಇದ್ದಾನೆ.”

“ಅವರು ನಿಮಗೆ ಏನಾಗ್ಬೇಕು?”

ಅರ್ವೆಲಾ ಬಾಗಿಲ ಕಡೆ ತಿರುಗಿ ನೋಡಿದಳು.

“ಏನೂ ಆಗ್ಬೇಕಿಲ್ಲ ಅಂದ್ಬಿಡಿ,” ಎಂದಳು ಟ್ವೈಲಾ, ತುಟಿ ಅಲ್ಲಾಡಿಸದೆ. “ಬಾಡಿಗೆಗೆ ಇದ್ದಾರೆ ಅಂತಾದ್ರೂ ಅನ್ನಿ.”

ಸಾಲಿನಲ್ಲಿದ್ದವನೊಬ್ಬ ಕಾಲು ಬದಲಿಸಿದ. ಅರ್ವೆಲಾಳ ಎತ್ತಿದ ಕೈ ಎತ್ತಿದಂತೆಯೇ ಇತ್ತು.

“ಡೆಲ್ಬರ್ಟ್ ಒಂದು ಸಹಿ ಹಾಕಿ ಒಲೆ ಹತ್ರ ಜಾಗ ತಗೊಂಡ,” ಎಂದಳು. ಟ್ವೈಲಾ ತಲೆ ತಗ್ಗಿಸಿದಳು. ಊರಿನ ಎಲ್ಲರಿಗೂ ಗೊತ್ತಿದ್ದದ್ದನ್ನು ಮೊದಲ ಸಲ ಒಬ್ಬರು ಬಾಯಿಬಿಟ್ಟು ಹೇಳಿದ್ದರು. “ಆಮೇಲೆ ಮೂವತ್ತೈದು ವರ್ಷ ನಾನು ಅವನ ಪಕ್ಕ ಮಲಗಿದೆ. ಆ ಒಲೆ ಬೆಚ್ಚಗಿತ್ತು ಅಂತ ಒಂದ್ಸಲಾನೂ ಅನ್ಲಿಲ್ಲ.”

ಕೈ ಇಳಿಸಿದಳು.

“ಗಂಡ. ಗಂಡ ಆಗ್ಬೇಕು. ಬರ್ಕೊ.”

ಟ್ವೈಲಾ ಬರೆದುಕೊಂಡಳು. ಅವಳಿಗೆ ಅಳು ಬರುವಂತಾಗಿತ್ತು. ಅರ್ವೆಲಾಗೆ ಸಿಟ್ಟು ಬಂದಿತ್ತು.

“ಮೂಗು ಒರೆಸ್ಕೊ, ಏನೂ ಆಗಿಲ್ಲ. ಸ್ಕ್ರೂಡ್ರೈವರ್ ಇದೆಯಾ ನಿಮ್ಮ ಆಫೀಸಲ್ಲಿ?”

ಇತ್ತು. ಟ್ವೈಲಾ ಅದನ್ನು ಕೊಟ್ಟು, ಜೊತೆಗೆ ಹೊಸ ಸಾದಾ ತಗಡನ್ನೂ ತೆಗೆದಿಟ್ಟಳು. ಗಾಡಿಯ ದಾಖಲೆಯಲ್ಲಿ ಹೆಸರನ್ನು ಪೆನ್ನರ್ ಎಂದು ಬದಲಾಯಿಸಲೇ ಎಂದು ಕೇಳಿದಳು.

“ಹೆಸರಿಗೂ ನಿಯಮ ಇದೆಯಾ?”

“ಇಲ್ಲ. ಅದು ನಿಮ್ಮಿಷ್ಟ.”

“ಹಾಗಾದ್ರೆ ಸ್ಟ್ರೌಡ್ ಅಂತಾನೇ ಇರ್ಲಿ. ಅದನ್ನ ಕಿತ್ಕೊಳೋಕೆ ಲೈಲ್ ಬ್ರಾಕೆಟ್‌ಗೆ ಮರ್ತೋಗಿದೆ.”

ಹಳೆಯದನ್ನು ಬಿಚ್ಚಿ ತಂದ ಮೇಲೆ ಅದನ್ನೇನು ಮಾಡುತ್ತೀರಿ ಎಂದು ನಾನು ಕೇಳಿದೆ. ಕತ್ತರಿಸಿ ಕರಗಿಸಲು ಕಳಿಸುತ್ತಾರಂತೆ. ಗಂಡನ ನೆನಪಿಗೆ ಇಟ್ಟುಕೊಳ್ಳಬಹುದೇ ಎಂದು ಹಿಂದೆ ಯಾರೋ ಕೇಳಿದ್ದರಂತೆ, ಆಗುವುದಿಲ್ಲ ಎಂದು ಮೇಲಿನಿಂದ ಬಂದಿತ್ತಂತೆ. ಟ್ವೈಲಾ ಕ್ಷಮೆ ಕೇಳುವವಳಂತೆ ಹೇಳಿದಳು. ನಾನು ಅಂಥ ತಗಡು ಹುಟ್ಟಿಸುವ ಯುದ್ಧಗಳ ವಿರುದ್ಧ ಒಂದು ಕಾಲದಲ್ಲಿ ಕೈಬರಹದ ಫಲಕ ಹಿಡಿದು ನಿಂತವಳು. ಆದರೂ ಆ ದಿನ ಆ ಕಚೇರಿಯ ಮೇಲೆ ಒಂದು ಕಲ್ಲು ಬೀಸೋಣ ಅನಿಸಿತು. ಅರ್ವೆಲಾ ಮಾತ್ರ, “ಕರಗಿಸ್ಲಿ ಬಿಡು. ಡೆಲ್ಬರ್ಟ್ ಇದ್ದಿದ್ರೆ ಅವನೇ ಕರಗಿಸ್ತಿದ್ದ,” ಎಂದಳು. ಆದರೆ ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡಳು, ಹಿಂದೆಂದೂ ಹಿಡಿದವಳಲ್ಲ.

ಹೊರಗೆ ಗಾಳಿ ಬೀಸುತ್ತಿತ್ತು. ನಾವು ಬಂದದ್ದನ್ನು ನೋಡಿ ಆರ್ಲೊ ಟ್ರಕ್ಕಿನಿಂದ ಇಳಿದ. ಅರ್ವೆಲಾ ಏನನ್ನೂ ಹೇಳದೆ ಗಾಡಿಯ ಹಿಂದೆ ಹೋಗಿ ಮಂಡಿಯೂರಿದಳು. ಪಕ್ಕದಲ್ಲೇ ಲೈಲ್ ಬ್ರಾಕೆಟನ ದೊಡ್ಡ ಕಾರು ನಿಂತಿತ್ತು. ಅವನು ಕೀಲಿ ತಿರುಗಿಸುತ್ತ ಮೆಟ್ಟಿಲಿಳಿದು ಬಂದವನು, ಸ್ಕ್ರೂಡ್ರೈವರ್ ಕಂಡು ನಿಂತ.

“ಬಾರಯ್ಯ,” ಎಂದಳು ಅವಳು ತಲೆಯೆತ್ತದೆ. “ನಿಂದೂ ಬಿಚ್ಚಿಕೊಡ್ತೀನಿ. ತುಕ್ಕು ಹಿಡ್ದ ಸ್ಕ್ರೂ ನನಗೆ ಹೊಸದಲ್ಲ.”

ಲೈಲ್ ತನಗೆ ಎಲ್ಲೋ ತುರ್ತು ಕೆಲಸವಿದೆ ಎಂದು ಗೊಣಗಿ ಕಾರು ಹತ್ತಿದ. ಶಾಸಕನ ತಗಡು ನಮ್ಮ ಕಣ್ಣ ಮುಂದೆಯೇ ತಿರುವಿನಲ್ಲಿ ಮರೆಯಾಯಿತು.

ಹಳೆಯ ತಗಡು ಬಿಚ್ಚಿಕೊಂಡಿತು. ಅದು ಇದ್ದ ಜಾಗದಲ್ಲಿ ಟ್ರಕ್ಕಿನ ಮೂಲ ಬಣ್ಣ ಚೌಕಾಕಾರವಾಗಿ ಕಾಣಿಸಿತು. ಅರ್ವೆಲಾ ಅದನ್ನು ನನ್ನ ಕೈಗೆ ಕೊಟ್ಟು, “ಒಳಗೆ ಕೊಟ್ಟು ಬಾ. ನಾನು ಹೋಗಲ್ಲ,” ಎಂದಳು. ನಾನು ಹೊರಡುವ ಮುಂಚೆ ನೋಡಿದೆ: ಆರ್ಲೊ ಹೊಸ ತಗಡನ್ನು ಎತ್ತಿಕೊಂಡು, ಗೋಧಿ ತೆನೆಯ ಚಿತ್ರವನ್ನು ಕನ್ನಡಕ ಮೇಲೆತ್ತಿ ನೋಡುತ್ತಿದ್ದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ಅಲ್ಲ ಕಣಮ್ಮ,” ಎಂದ. “ನಾನಿಲ್ಲಿ ಕೂತು ಪ್ರಾರ್ಥನೆ ಮಾಡ್ತಿದ್ದೆ, ಸಹಿ ಹಾಕಿ ಬರ್ಲಿ ಅಂತ. ತಗಡು ಕಳ್ಕೊಳೋ ತ್ರಾಸೆಲ್ಲ ಯಾಕೆ ನಿನಗೆ ಅಂತ.”

“ನಿನ್ ಪ್ರಾರ್ಥನೆ ಕೇಳೋರ್ ಯಾರು?”

“ಏನ್ ಕೇಳಿದ್ರು ಒಳಗೆ?”

“ನೀನು ಏನಾಗ್ಬೇಕು ಅಂತ ಕೇಳಿದ್ಲು ಟ್ವೈಲಾ. ಹೇಳ್ದೆ.”

“ಏನಂತ ಹೇಳ್ದೆ?”

“ತಗಡು ನೆಟ್ಟಗೆ ಹಿಡಿಯೋ,” ಎಂದಳು ಅರ್ವೆಲಾ. “ಸೊಟ್ಟಗೆ ಕೂರ್ತಿದೆ.”